ಎಡ ಎದೆಯ ಮೇಲಿನ ಸಾಲು

ಪರಮವೀರ ಚಕ್ರ ತೂಗುವ ನೇರಳೆ ರಿಬ್ಬನ್ನಿನ ಅಗಲ 32 ಮಿಲಿಮೀಟರ್. ಒಂಬತ್ತು ವರ್ಷ ಸೇವೆ ಪೂರೈಸಿದ ಸಿಪಾಯಿಗೆ ಸಿಗುವ ಪದಕದ ರಿಬ್ಬನ್ನೂ ಅಷ್ಟೇ ಅಗಲ. ಎರಡು ಬೆರಳು ಜೋಡಿಸಿಟ್ಟರೆ ಮುಚ್ಚಿಹೋಗುವಷ್ಟು ಬಟ್ಟೆ. ಯಾವುದೋ ನಸುಕಿನಲ್ಲಿ ಯಾವುದೋ ಬಂಡೆಯ ಮರೆಯಲ್ಲಿ ಒಬ್ಬ ಉಸಿರು ಬಿಟ್ಟದ್ದಕ್ಕೂ, ಇನ್ನೊಬ್ಬ ಒಂದರ ಹಿಂದೊಂದು ಮುಂಗಾರನ್ನು ತನ್ನ ಹೊಲದ ಮಣ್ಣಿನ ವಾಸನೆಯಿಲ್ಲದೆ ಕಳೆದದ್ದಕ್ಕೂ ಮಗ್ಗ ಒಂದೇ ಅಳತೆ ನೇಯ್ದು ಕೊಡುತ್ತದೆ. ಅಗಲ ಮುಚ್ಚಿಟ್ಟ ಭೇದವನ್ನು ಜಾಗ ಹೇಳುತ್ತದೆ. ಎಡ ಎದೆಯ ಮೇಲೆ, ಅಂಗಿಯ ಗುಂಡಿಸಾಲಿಗೆ ಹತ್ತಿರ ಇರುವುದು ಹಿರಿಯದು. ಅಲ್ಲಿಂದ ತೋಳಿನತ್ತ ಸರಿದಷ್ಟೂ ಕಿರಿಯದು. ಪದಕಗಳು ಹೆಚ್ಚಿ ಎದೆ ಸಾಲದೆ ಹೋದರೆ ಒಂದನ್ನೊಂದು ಅರ್ಧರ್ಧ ಮುಚ್ಚಿಕೊಂಡು ಕೂರುತ್ತವೆ. ಆಗಲೂ ಗುಂಡಿಯ ಮಗ್ಗುಲಿನದಕ್ಕೆ ಮಾತ್ರ ಪೂರ್ತಿ ಮುಖ ತೋರುವ ಹಕ್ಕು.

ಯಾವುದರ ಪಕ್ಕ ಯಾವುದು ಎಂಬುದಕ್ಕೆ ಸರ್ಕಾರದ ಪಟ್ಟಿಯೊಂದಿದೆ. ಭಾರತರತ್ನ, ಪರಮವೀರ ಚಕ್ರ, ಅಶೋಕ ಚಕ್ರ, ಪದ್ಮವಿಭೂಷಣ ಎಂದು ಶುರುವಾಗಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಗಾಯಕ್ಕೆ ಕೊಡುವ ಪರಾಕ್ರಮ ಪದಕ, ಸಿಯಾಚಿನ್ ಹಿಮನದಿಯ ಪದಕ, ಎತ್ತರದ ನೆಲೆಗಳಲ್ಲಿ ಉಸಿರು ಕಟ್ಟಿ ನಿಂತದ್ದಕ್ಕೆ ಸಿಗುವ ಪದಕಗಳನ್ನೆಲ್ಲ ಹಾದು, ಕಟ್ಟಕಡೆಗೆ ಪರದೇಶದವರು ಕೊಟ್ಟ ಪದಕಗಳಲ್ಲಿ ಅದು ಮುಗಿಯುತ್ತದೆ. ಓದಲು ಒಣ ಕಾಗದ. ಆದರೆ ಆಗಸ್ಟಿನ ರಾತ್ರಿ, ರಾವಂದೂರಿನ ಸುತ್ತಲ ಹೊಲಗಳಲ್ಲಿ ಹೊಗೆಸೊಪ್ಪು ಬೇಯುವ ಬ್ಯಾರನ್ನುಗಳ ಬಿಸಿ ಉಸಿರು ಗಾಳಿಯಲ್ಲಿ ಬೆರೆತು ಬರುತ್ತಿರುವಾಗ, ಒಂದೊಂದು ಹೆಸರಿಗೂ ತುಸು ನಿಂತು ನಿಂತು ಅದನ್ನು ಓದುತ್ತ ಹೋದರೆ, ಯಾವುದೋ ನಾಮಾವಳಿಗೆ ಕಿವಿಗೊಟ್ಟಂತಾಗಿ, ಹೆಸರಿನ ಹಿಂದೆ ಹಿಮ, ಮರಳು, ಉಪ್ಪುನೀರು, ಕತ್ತಲು ಒಂದೊಂದಾಗಿ ಕಾಣತೊಡಗುತ್ತವೆ.

ಬಣ್ಣಗಳನ್ನೇ ನೋಡಿ. ಅಶೋಕ ಚಕ್ರದ ಹಸಿರು ಪಟ್ಟಿಯ ನಡುವೆ ಕೇಸರಿಯ ಗೆರೆ ಒಂದೇ. ಅದಕ್ಕಿಂತ ಕಿರಿಯ ಕೀರ್ತಿ ಚಕ್ರಕ್ಕೆ ಎರಡು ಗೆರೆ. ಅದಕ್ಕಿಂತಲೂ ಕಿರಿಯ ಶೌರ್ಯ ಚಕ್ರಕ್ಕೆ ಮೂರು. ಮಹಾವೀರ ಚಕ್ರಕ್ಕೆ ಅರ್ಧ ಬಿಳಿ, ಅರ್ಧ ಕೇಸರಿ; ವೀರ ಚಕ್ರಕ್ಕೆ ಅರ್ಧ ಕಡುನೀಲಿ, ಅರ್ಧ ಕೇಸರಿ, ಅದರಲ್ಲೂ ಕೇಸರಿಯ ಅಂಚು ಎಡ ಭುಜದ ಕಡೆಗೇ ಇರಬೇಕೆಂದು ನಿಯಮ. ಮೇಲೇರಿದಷ್ಟೂ ಗೆರೆಗಳು ಕಳಚಿ ಬೀಳುತ್ತವೆ. ಪರಮವೀರಕ್ಕೆ ಬಂದರೆ ಒಂದು ಗೆರೆಯೂ ಇಲ್ಲ, ಅಂಚೂ ಇಲ್ಲ, ಬರೀ ನೇರಳೆ. ಲೋಹವೂ ಹಾಗೆಯೇ: ಎರಡನೆಯದು ಬೆಳ್ಳಿಯದು, ಮೊದಲನೆಯದು ಕಂಚಿನದು. ಅತಿ ದೊಡ್ಡದಕ್ಕೆ ಅತಿ ಸಾದಾ ಲೋಹ ಸಾಕೆಂದು ಯಾರಿಗೆ ಮೊದಲು ಹೊಳೆದಿರಬಹುದು?

ಆ ಕಂಚನ್ನು ಚಿತ್ರಿಸಿದ ಕೈ ಸಾವಿತ್ರಿ ಖಾನೋಲ್ಕರ್ ಅವರದು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಮರಾಠಿ ಸೇನಾಧಿಕಾರಿಯೊಬ್ಬರನ್ನು ಮದುವೆಯಾಗಿ, ಸಂಸ್ಕೃತವನ್ನೂ ಪುರಾಣಗಳನ್ನೂ ತನ್ನದಾಗಿಸಿಕೊಂಡ ಹೆಣ್ಣುಮಗಳು. ಮೂರೂವರೆ ಸೆಂಟಿಮೀಟರಿನ ಬಿಲ್ಲೆಯ ನಡುವೆ ರಾಜಲಾಂಛನ, ಅದರ ಸುತ್ತ ನಾಲ್ಕು ವಜ್ರಾಯುಧ. ದಧೀಚಿ ತನ್ನ ಬೆನ್ನೆಲುಬನ್ನು ದೇವತೆಗಳಿಗೆ ಕೊಟ್ಟ, ಅದರಿಂದ ಇಂದ್ರನ ವಜ್ರವಾಯಿತು ಎಂಬ ಕಥೆ ನಮ್ಮ ಹರಿಕಥೆಯ ದಾಸರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇವೋ. ಆಲ್ಪ್ಸ್ ಬೆಟ್ಟಗಳ ಕಡೆಯಿಂದ ಬಂದವಳೊಬ್ಬಳು ಅದನ್ನು ಕೇಳಿ ಕಂಚಿಗೆ ಇಳಿಸಿದಳು. 1950ರ ಜನವರಿ 26ರಂದು ಪದಕ ಸ್ಥಾಪನೆಯಾಯಿತು, 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ. ಮೊದಲ ಪದಕ ಸಂದದ್ದು ಮೇಜರ್ ಸೋಮನಾಥ ಶರ್ಮಾ ಅವರಿಗೆ, ಅವರು ತೀರಿಕೊಂಡ ಮೇಲೆ. ಅವರು ಸಾವಿತ್ರಿಯವರ ಮಗಳಿಗೆ ಭಾವನಾಗಬೇಕು.

ಈ ವಜ್ರದ ಮಾತು ಬಂದಾಗ ನನ್ನ ಕಣ್ಣು ತಾನಾಗಿ ಬೆಟ್ಟದಪುರದ ಕಡೆ ಹೊರಳುತ್ತದೆ. ರಾವಂದೂರು ಸೀಮೆಯ ಬಯಲಲ್ಲಿ ನಿಂತರೆ ಆ ಬೆಟ್ಟ ಒಂಟಿಯಾಗಿ ಎದ್ದು ನಿಂತಿರುತ್ತದೆ. ನೆತ್ತಿಯ ಮೇಲೆ ಸಿಡಿಲು ಮಲ್ಲಿಕಾರ್ಜುನನ ಗುಡಿ. ಸಿಡಿಲು ಬಂದು ಲಿಂಗವನ್ನು ಮುಟ್ಟಿ ಹೋಗುತ್ತದೆಂದು ಸುತ್ತಲ ಊರಿನವರ ನಂಬಿಕೆ. ಮುಂಗಾರಿಗೆ ಮುಂಚಿನ ಒಂದು ಸಂಜೆ, ಮೋಡ ಮೊದಲು ಬೆಟ್ಟದ ಸೊಂಟಕ್ಕೆ, ಆಮೇಲೆ ಹೆಗಲಿಗೆ ಸುತ್ತಿಕೊಂಡು, ಕೊನೆಗೆ ಗುಡಿಯೇ ಕಾಣದಂತಾಗಿ, ಆ ಬೂದಿಬಣ್ಣದ ಒಳಗಿಂದ ಒಮ್ಮೆಗೇ ಬೆಳಕು ಸೀಳಿ ಬಂದಾಗ, ಅದು ನೇರಳೆಯ ಹತ್ತಿರದ ಯಾವುದೋ ಬಣ್ಣವೆಂದು ನನಗೆ ಕಂಡದ್ದುಂಟು. ಹೊಲದಲ್ಲಿದ್ದವರು ಕೆಲಸ ನಿಲ್ಲಿಸಿ ಕೈ ಮುಗಿದರು. ಅಷ್ಟು ದೊಡ್ಡದನ್ನು ತನ್ನ ಮೇಲೆ ಎಳೆದುಕೊಂಡೂ ನಿಂತೇ ಇರುವ ದೇವರು ಎಂಬುದು ಈ ಸೀಮೆಯ ಜನಕ್ಕೆ ಕಥೆಯಲ್ಲ, ಮಳೆಗಾಲದ ಸುದ್ದಿ.

ಹಾಗೆ ನಿಂತು, ಬದುಕಿ, ಆ ಪದಕವನ್ನು ತಾವೇ ಎದೆಗೆ ತೊಟ್ಟವರೂ ಇದ್ದಾರೆ. ಕಾರವಾರದ ಚೆಂಡಿಯಾ ಮೂಲದ ರಾಮ ರಾಘೋಬಾ ರಾಣೆ, 1948ರ ಏಪ್ರಿಲ್ 8ರಿಂದ 11ರವರೆಗೆ, ನೌಶೇರಾದಿಂದ ರಜೌರಿಯ ಕಡೆಗೆ ಹೋಗುವ ದಾರಿಯಲ್ಲಿ, ಗಾಯಗೊಂಡ ಮೈಯಲ್ಲೇ ಟ್ಯಾಂಕುಗಳಿಗೆ ಮುಂದಾಗಿ ಹೋಗಿ ನೆಲಬಾಂಬುಗಳನ್ನು ಒಂದೊಂದಾಗಿ ತೆಗೆದರು. ನೆಲಕ್ಕೆ ಅಷ್ಟು ಹತ್ತಿರ ಬಾಗಿ, ಮಣ್ಣಿನ ಕಣಕಣವನ್ನೂ ಬೆರಳಿನಿಂದ ಕೇಳಿಕೊಂಡು ಮುಂದೆ ಸರಿದ ಆ ನಾಲ್ಕು ದಿನದ ಮೌನ ಎಂಥದ್ದಿರಬಹುದು! ಕಾರವಾರದ ಕಡಲತೀರದಲ್ಲಿ ಈಗ ಅವರ ಪ್ರತಿಮೆ ಇದೆ. ಇಲ್ಲಿಯವರೆಗೆ ಪರಮವೀರ ಪಡೆದ 21 ಮಂದಿಯಲ್ಲಿ 14 ಮಂದಿಗೆ ಅದು ಸಂದದ್ದು ಮರಣಾನಂತರ. ಬೆಂಗಳೂರಿನ ಕರ್ನಲ್ ವಸಂತ್ ವೇಣುಗೋಪಾಲ್ 2007ರ ಜುಲೈ 31ರಂದು ಉರಿಯಲ್ಲಿ ಕಾದಾಡಿ ಮಡಿದು ಅಶೋಕ ಚಕ್ರಕ್ಕೆ ಭಾಜನರಾದರು, ಅದೂ ಮರಣಾನಂತರವೇ. ಸಾಲಿನಲ್ಲಿ ಗುಂಡಿಗೆ ತೀರ ಹತ್ತಿರದ ಆ ಒಂದೆರಡು ಜಾಗಗಳು, ಹೃದಯಕ್ಕೂ ಹತ್ತಿರವಾದ ಆ ಜಾಗಗಳು, ಬಹುಪಾಲು ತೊಡುವವರಿಲ್ಲದವು. ಗಾಜಿನ ಪೆಟ್ಟಿಗೆಯಲ್ಲಿ, ಬೀರುವಿನೊಳಗಿನ ಮಖಮಲ್ಲಿನ ಮೇಲೆ ಅವು ಮಲಗಿರುತ್ತವೆ. ಹೋದವರ ಪದಕವನ್ನು ಹತ್ತಿರದವರು ತೊಡುವುದಾದರೆ ಬಲ ಎದೆಗೆ ತೊಡುವುದು ಕಾಮನ್‌ವೆಲ್ತ್ ದೇಶಗಳ ರೂಢಿ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಭೂಸೇನೆಯೂ ಅದಕ್ಕೆ ಅವಕಾಶ ಕೊಟ್ಟಿದೆ. ಎದೆ ಬದಲಾದರೆ ಸಾಕು, ನೋಡಿದವರಿಗೆ ತಿಳಿಯುತ್ತದೆ, ಕೇಳಬೇಕಾಗಿಲ್ಲ.

ಈ ಕ್ರಮ ಕಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ ಎಂಬುದು ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವ ಸಂಗತಿ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಸರಗೋಧಾದ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ಕಾಣೆಯಾದರೆಂದು ಬರೆದುಕೊಂಡರು, ಅಷ್ಟೇ. ನಿಧಾನದ ಮಿಸ್ಟೇರ್ ವಿಮಾನದಲ್ಲಿದ್ದ ಅವರು ಶಬ್ದಕ್ಕಿಂತ ವೇಗವಾಗಿ ಹಾರಬಲ್ಲ ಸ್ಟಾರ್‌ಫೈಟರ್ ಒಂದನ್ನು ಎದುರಿಸಿ ಕೆಡವಿದ್ದರೆಂಬುದು ನಮಗೆ ತಿಳಿದದ್ದು 1979ರಲ್ಲಿ, ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಪುಸ್ತಕದಿಂದ. 1988ರಲ್ಲಿ ಮಹಾವೀರ ಚಕ್ರ ಬಂತು. 23 ವರ್ಷ ತಡವಾಗಿ ಬಂದ ಪದಕ, ಬಂದೊಡನೆ ಸಾಲಿನ ತುದಿಗೆ ಹೋಗಿ ನಿಲ್ಲುವುದಿಲ್ಲ. ಇದ್ದವುಗಳೆಲ್ಲ ಒಂದೊಂದು ಹೆಜ್ಜೆ ತೋಳಿನತ್ತ ಸರಿದು ಅದಕ್ಕೆ ಮುಂದೆ ಜಾಗ ಬಿಡಬೇಕು. ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿದೆ. ಪಿರಿಯಾಪಟ್ಟಣ, ಕುಶಾಲನಗರ ದಾಟಿ ಮಂಜಿನೊಳಗೆ ಏರಿ ಹೋದಾಗಲೆಲ್ಲ ಅಲ್ಲಿ ಕತ್ತೆತ್ತಿ ಆಕಾಶ ನೋಡುವುದು ನನಗೆ ರೂಢಿಯಾಗಿಬಿಟ್ಟಿದೆ.

ಪಟ್ಟಿಯಲ್ಲಿ ಒಪ್ಪಿಗೆಯಾಗದ ಮೆಟ್ಟಿಲುಗಳೂ ಇವೆ. ಹೆಚ್ಚಾಗಿ ಮೇಲಧಿಕಾರಿಗಳಿಗೆ ಸಲ್ಲುವ ಪರಮ ವಿಶಿಷ್ಟ ಸೇವಾ ಪದಕ ಮಹಾವೀರ ಚಕ್ರಕ್ಕಿಂತ ಮುಂದೆ ನಿಲ್ಲುವುದನ್ನು ನನ್ನ ಮನಸ್ಸು ಇನ್ನೂ ಸಮಾಧಾನದಿಂದ ನೋಡಲಾರದು. ಮೇಜಿನ ಮುಂದೆ ಮಾಡಿದ ಕೆಲಸ ಎಷ್ಟೇ ದೊಡ್ಡದಿರಲಿ, ಗುಂಡಿನ ಎದುರು ನಿಂತ ಕ್ಷಣದ ಬಲಗಡೆ ಅದಕ್ಕೇಕೆ ಜಾಗ? ಆದರೆ ಅದೇ ಪಟ್ಟಿಯಲ್ಲಿ ಸ್ವಲ್ಪ ಕೆಳಗಿಳಿದರೆ ಸರ್ವೋತ್ತಮ ಜೀವನ ರಕ್ಷಾ ಪದಕ ಸಿಗುತ್ತದೆ, ಪದ್ಮಶ್ರೀಯ ಕೆಳಗೆ, ವೀರ ಚಕ್ರದ ಮೇಲೆ. 1961ರಲ್ಲಿ ಶುರುವಾದ ಈ ಜೀವರಕ್ಷೆಯ ಪದಕಗಳಿಗೆ ಸಮವಸ್ತ್ರ ಬೇಕಾಗಿಲ್ಲ. ಮುಳುಗುವವರನ್ನು ನೀರಿಗೆ ಹಾರಿ ಎಳೆತಂದವರು, ಬೆಂಕಿಗೆ ನುಗ್ಗಿದವರು ಇದರ ವಾರಸುದಾರರು. ಲಕ್ಷ್ಮಣತೀರ್ಥ ತುಂಬಿ ಕೆಂಪಗೆ ಹರಿಯುವ ದಿನಗಳಲ್ಲಿ, ಹಾರಂಗಿ ನಾಲೆಯಲ್ಲಿ ನೀರು ಬಿಟ್ಟ ದಿನಗಳಲ್ಲಿ, ಈಜು ಬರುತ್ತದೋ ಇಲ್ಲವೋ ಎಂದು ಯೋಚಿಸುವಷ್ಟೂ ಹೊತ್ತು ತೆಗೆದುಕೊಳ್ಳದೆ ಧುಮುಕುವವರು ಈ ಕಡೆ ಹೊಸಬರಲ್ಲ. ಅಂಥ ಒಂದು ಒದ್ದೆ ಕೈಯನ್ನು, ಯುದ್ಧಭೂಮಿಯಲ್ಲಿ ಶತ್ರುವಿನ ಎದುರು ತೋರಿದ ಶೌರ್ಯಕ್ಕಿಂತ ಒಂದು ಮಾರು ಮುಂದೆ ನಿಲ್ಲಿಸಿದವರು ಯಾರೋ, ಅವರಿಗೆ ದೊಡ್ಡ ನಮಸ್ಕಾರ.

ಮೊದಲು ಹೀಗಿರಲಿಲ್ಲ; ಪದಕ ಮಾಡಿದ ಕೆಲಸವನ್ನಲ್ಲ, ತೊಟ್ಟವನ ದರ್ಜೆಯನ್ನು ನೋಡುತ್ತಿತ್ತು. 1799ರ ಮಾರ್ಚ್ 5ರಂದು ಸಿದ್ದೇಶ್ವರದ ಗುಡ್ಡದ ಮೇಲಿಂದ ಪಿರಿಯಾಪಟ್ಟಣದ ಕಡೆ ನೋಡುತ್ತಿದ್ದ ಮುಂಬಯಿ ಸೇನೆಯವರಿಗೆ ಬಯಲಲ್ಲಿ ಡೇರೆಗಳು ಒಂದೊಂದಾಗಿ ಏಳುವುದು ಕಂಡಿತು. ಅವುಗಳ ನಡುವೆ ಹಸಿರು ಬಣ್ಣದ್ದೊಂದು. ಟಿಪ್ಪು ಅಲ್ಲಿದ್ದಾನೆಂದು ಆ ಹಸಿರೇ ಹೇಳಿತು. ಮರುದಿನ ಕಾಡಿನಲ್ಲಿ ಕಾಳಗವಾಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಗೆದ್ದ ಈಸ್ಟ್ ಇಂಡಿಯಾ ಕಂಪನಿ ಬರ್ಮಿಂಗ್‌ಹ್ಯಾಮಿನ ಟಂಕಸಾಲೆಯಲ್ಲಿ ಪದಕ ಹೊಡೆಸಿತು: ಒಂದು ಮುಖದಲ್ಲಿ ಹುಲಿಯನ್ನು ಕೆಡವುತ್ತಿರುವ ಸಿಂಹ, ಇನ್ನೊಂದರಲ್ಲಿ ಕೋಟೆಗೆ ಲಗ್ಗೆ. ಚಿತ್ರ ಎಲ್ಲರಿಗೂ ಒಂದೇ, ಲೋಹ ಮಾತ್ರ ಬೇರೆ ಬೇರೆ. ದೊಡ್ಡವರಿಗೆ ಚಿನ್ನ, ಅವರ ಕೆಳಗೆ ಚಿನ್ನದ ನೀರು ಕುಡಿಸಿದ ಬೆಳ್ಳಿ, ಆಮೇಲೆ ಬೆಳ್ಳಿ, ಕಂಚು, ಏಣಿ ಹತ್ತಿದ ಸಿಪಾಯಿಗೆ ತವರ. ಒಂದೇ ಗೋಡೆ, ಒಂದೇ ಮಧ್ಯಾಹ್ನ, ಐದು ಲೋಹ. 1837ರಲ್ಲಿ ಅಮರಸುಳ್ಯದ ಬಂಡಾಯ ಎದ್ದಾಗ ತನ್ನ ಪಕ್ಷ ಹಿಡಿದ ಕೊಡವರಿಗೂ ಕಂಪನಿ ಪದಕ ಕೊಟ್ಟಿತು. ಅದರ ಮೇಲೆ ಕೊಡಗಿನ ಯೋಧನ ಚಿತ್ರ, ಸುತ್ತಲೂ ಕನ್ನಡ ಅಕ್ಷರ. ಕನ್ನಡದ ದುಂಡು ಅಕ್ಷರಗಳು ಲೋಹದ ಅಂಚಿನಲ್ಲಿ ಬಳ್ಳಿಯಂತೆ ಹಬ್ಬಿರುವುದನ್ನು ನೆನೆದರೆ ಸಂತೋಷ. ಅವು ಯಾರ ವಿರುದ್ಧ ಕೆತ್ತಿದವು ಎಂದು ನೆನೆದರೆ ಆ ಸಂತೋಷ ಗಂಟಲಲ್ಲೇ ನಿಲ್ಲುತ್ತದೆ. ಈಗಿನ ಕಂಚಿನ ಚಕ್ರ ಜನರಲ್‌ಗೂ ಜವಾನನಿಗೂ ಒಂದೇ ಕಂಚು. 150 ವರ್ಷದಲ್ಲಿ ಲೋಹವು ತೊಟ್ಟವನ ದರ್ಜೆಯನ್ನು ಮರೆತು ಮಾಡಿದ ಕೆಲಸವನ್ನು ಮಾತ್ರ ನೆನಪಿಟ್ಟುಕೊಳ್ಳಲು ಕಲಿತಿತು.

ರಾಜ್ಯ ಬದಲಾದರೆ ಸಾಲೂ ಕದಲುತ್ತದೆ. ಕೊಡಗಿನ ಜನರಲ್ ತಿಮ್ಮಯ್ಯನವರಿಗೆ ಬರ್ಮಾದ ಕಾಳಗಕ್ಕಾಗಿ ಬ್ರಿಟಿಷರು ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್, ಅಂದರೆ ಡಿಎಸ್‌ಒ ಕೊಟ್ಟಿದ್ದರು. ಅಂದಿನ ಸೇನೆಯಲ್ಲಿ ಅದು ಸಾಲಿನ ಮುಂಚೂಣಿಯ ಮಾನ. ಗಣರಾಜ್ಯ ಬಂದ ಮೇಲೆ ಮುಂದಿನ ಜಾಗ ಪದ್ಮಭೂಷಣಕ್ಕೆ, ಡಿಎಸ್‌ಒ ತೋಳಿನ ಕಡೆಯ ತುದಿಗೆ. ಯಾರೂ ಅದನ್ನು ಕಿತ್ತುಕೊಳ್ಳಲಿಲ್ಲ, ಸರಿಯುವಂತೆ ಹೇಳಿದರು ಅಷ್ಟೇ. ಮಡಿಕೇರಿಯ ಅವರ ಮನೆ ಸನ್ನಿಸೈಡ್ 2021ರಿಂದ ವಸ್ತುಸಂಗ್ರಹಾಲಯವಾಗಿದೆ.

ಪದಕವೇ ಇಲ್ಲದ ಎದೆಗಳೂ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ಇವೆ. ಬೈಲುಕುಪ್ಪೆಯ ಟಿಬೆಟನ್ ಶಿಬಿರಗಳು ಅರವತ್ತರ ದಶಕದ ಮೊದಲಲ್ಲಿ ಕಾಡು ಕಡಿದು ಎದ್ದವು. 1962ರ ಯುದ್ಧದ ಹೊತ್ತಿಗೇ ಟಿಬೆಟನ್ನರನ್ನು ಕೂಡಿಸಿ ಗುಟ್ಟಾಗಿ ಕಟ್ಟಿದ ವಿಶೇಷ ಗಡಿಪಡೆ 1971ರಲ್ಲಿ ಚಿತ್ತಗಾಂಗಿನ ಗುಡ್ಡಗಾಡಿನಲ್ಲಿ ಹೋರಾಡಿತು, ಜನ ಕಳೆದುಕೊಂಡಿತು. ಆ ಪಡೆಯೇ ಇಲ್ಲವೆಂಬಂತೆ ಇರಬೇಕಾಗಿದ್ದರಿಂದ ಆ ಯುದ್ಧದ ಶೌರ್ಯಪದಕಗಳ ಸಾಲಿನಲ್ಲಿ ಅವರ ಹೆಸರಿಲ್ಲ. ಅಲ್ಲಿನ ಮನೆಗಳ ಮಾಡಿನಿಂದ ಮಾಡಿಗೆ ಪ್ರಾರ್ಥನೆಯ ಬಾವುಟಗಳು ತೂಗುತ್ತಿರುತ್ತವೆ, ಅವಕ್ಕೂ ತಪ್ಪದ ಕ್ರಮವೊಂದಿದೆ: ನೀಲಿ, ಬಿಳಿ, ಕೆಂಪು, ಹಸಿರು, ಹಳದಿ. ಆಕಾಶ, ಗಾಳಿ, ಬೆಂಕಿ, ನೀರು, ಮಣ್ಣು. ಬಿಸಿಲಿಗೆ ಬಣ್ಣ ಹೋಗಿ, ಗಾಳಿಗೆ ನೂಲು ಬಿಟ್ಟು ಅವು ಸವೆದಷ್ಟೂ ಒಳ್ಳೆಯದೆನ್ನುತ್ತಾರೆ. ಮಂತ್ರ ಊರೆಲ್ಲ ಹರಡಿತೆಂದು ಅರ್ಥವಂತೆ.

ನಮ್ಮ ಹಳ್ಳಿಗಳ ಟ್ರಂಕುಗಳಲ್ಲಿ ಇರುವುದು ಹೆಚ್ಚಾಗಿ ಸಾಲಿನ ತುದಿಯ ಪದಕಗಳೇ. ಊರಲ್ಲೆಲ್ಲ ಮಿಲ್ಟ್ರಿ ಮಾವ ಎಂದೇ ಹೆಸರಾದ ಹಿರಿಯರೊಬ್ಬರಿದ್ದಾರೆ, ಅರವತ್ತಾರರಲ್ಲಿ ಸೇರಿ ಹವಾಲ್ದಾರರಾಗಿ ಬಂದವರು. ಆಗಸ್ಟ್ 14ರ ಸಂಜೆ ಅವರ ಜಗಲಿಯ ಮೇಲೆ ಬಿಳಿ ಟವೆಲ್ಲು ಹಾಸಿ, ಬ್ರಾಸೋ ಡಬ್ಬಿ ತೆರೆದು, ಹಳೆ ಬನಿಯನ್ನಿನ ತುಂಡಿನಿಂದ ಉಜ್ಜುವ ಶಾಸ್ತ್ರ ನಡೆಯುತ್ತದೆ. ಬ್ರಾಸೋದ ಘಾಟು, ಪಕ್ಕದ ಬ್ಯಾರನ್ನಿನಿಂದ ಬರುವ ಸೊಪ್ಪಿನ ಸಿಹಿಗಂಪು, ಆಗತಾನೆ ಹಚ್ಚಿದ ಊದುಬತ್ತಿ ಮೂರೂ ಕಲೆತು ಜಗಲಿ ತುಂಬುತ್ತದೆ. ಕಂಚಿನ ಐದು ಮೂಲೆಯ ಪಶ್ಚಿಮಿ ಸ್ಟಾರ್ ಮೂಲೆಯಿಂದ ಮೂಲೆಗೆ ನಿಧಾನಕ್ಕೆ ಬೆಳಗುತ್ತದೆ; ಚೂಪು ಹೋಗಿ ನುಣುಪಾದ ಅಂಚುಗಳಲ್ಲಿ ಬಲ್ಬಿನ ಬೆಳಕು ಒಂದು ಹನಿಯಾಗಿ ನಿಲ್ಲುತ್ತದೆ. ಮೊಮ್ಮಗ ಬೆಳ್ಳಗೆ ಹೊಳೆಯುವ ಬಿಲ್ಲೆಯೊಂದನ್ನು ಎತ್ತಿಕೊಂಡು, "ತಾತ, ಇದ್ನ ಮುಂದ್ಕೆ ಮಡಗು" ಎಂದ.

"ಹೊಳೆಯೋದ್ನ ನೋಡಿ ಮಡಗಕ್ಕಾಯ್ತದ ಮಗ? ಅದಕ್ಕೊಂದು ಆರ್ಡರ್ ಅದೆ."

ಆ ಆರ್ಡರ್ ಮಾವನಿಗಿಂತ ಚೆನ್ನಾಗಿ ಗೊತ್ತಿರುವುದು ಅತ್ತೆಗೆ. ಅಕ್ಷರ ಬಾರದು. ಆದರೆ ಬೆಂದ ಸೊಪ್ಪನ್ನು ಎಲೆಯ ಬಣ್ಣ ನೋಡಿಯೇ ಬ್ರೈಟು, ಮೀಡಿಯಮ್ಮು, ಲೋ ಎಂದು ವಿಂಗಡಿಸಿ ಹರಾಜಿಗೆ ಕಳಿಸಿದ ಕಣ್ಣು ಅದು. ರಿಬ್ಬನ್ನಿನ ಬಣ್ಣ ನೋಡಿ ಒಂದೊಂದನ್ನೇ ತೆಗೆದುಕೊಡುತ್ತ ಹೋದರು. "ನಕ್ಷತ್ರ ಮೊದ್ಲು ಕಣಪ್ಪ. ಆಮೇಕೆ ಯುದ್ಧದ್ದು. ಆಮೇಕೆ ಹಿಮಾಲ್ಯದ್ದು." ಎಪ್ಪತ್ತೊಂದರ ಸಂಗ್ರಾಮ ಪದಕ, ಹಿಮಾಲಯ ಎಂಬ ಪಟ್ಟಿಯುಳ್ಳ ಸೈನ್ಯ ಸೇವಾ ಪದಕ ಟವೆಲ್ಲಿನ ಮೇಲೆ ಅಕ್ಕಪಕ್ಕ ಮಲಗಿದವು. ಅವುಗಳಾದ ಮೇಲೆ ಸ್ವಾತಂತ್ರ್ಯದ ಇಪ್ಪತ್ತೈದನೇ ವರ್ಷದ್ದು. ಮಾವ ಅದನ್ನು ಮಾತ್ರ ಸ್ವಲ್ಪ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡರು.

"ಇದು ನಂಗೂ ಕೊಟ್ರು, ನಮ್ ಲಂಗರಿನ ಅಡುಗೆಯೋನ್ಗೂ ಕೊಟ್ರು, ಕ್ಷೌರದೋನ್ಗೂ ಕೊಟ್ರು. ಆ ದಿವ್ಸ ಡ್ಯೂಟಿಲಿದ್ದೋರ್ಗೆಲ್ಲ."

1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರೆಲ್ಲರಿಗೂ ಸಂದ ಪದಕ ಅದು. ಏನೂ ಮಾಡಬೇಕಾಗಿರಲಿಲ್ಲ, ಆ ದಿನ ಇರಬೇಕಾಗಿತ್ತು. ಅದನ್ನು ಹೆಮ್ಮೆಯಿಲ್ಲದೆ ಹೇಳುವ ಅವರ ದನಿಯಲ್ಲಿ ನನಗೆ ಕೇಳಿಸಿದ್ದು ಗುಡಿಯ ಪ್ರಸಾದ ಸಿಕ್ಕವರ ನೆಮ್ಮದಿ. ಆಮೇಲೆ ಇಪ್ಪತ್ತು ವರ್ಷದ್ದು, ಕೊನೆಗೆ ಒಂಬತ್ತು ವರ್ಷದ್ದು. ನನಗೆ ಫೀಲ್ಡ್ ಮಾರ್ಷಲ್ ಮಾಣೆಕ್‌ಶಾ ನೆನಪಾದರು, ಬಂಡೀಪುರದ ಆಚೆಗಿನ ಕೂನೂರಿನಲ್ಲಿ ಕೊನೆಯ ದಿನಗಳನ್ನು ಕಳೆದವರು. ಅವರ ಸಾಲು ಪದ್ಮವಿಭೂಷಣದಿಂದ ಶುರುವಾಗುತ್ತದೆ, ಮಾವನದು ನಕ್ಷತ್ರದಿಂದ. ಆದರೆ ಸಂಗ್ರಾಮ ಪದಕ ಬಂದಲ್ಲಿಂದ ಇಬ್ಬರ ಎದೆಯೂ ಹೆಚ್ಚುಕಡಿಮೆ ಒಂದೇ ಮಾತಾಡತೊಡಗುತ್ತದೆ. ಅದೇ ಸೈನ್ಯ ಸೇವಾ, ಅದೇ ಇಪ್ಪತ್ತೈದನೇ ವರ್ಷದ್ದು, ಅದೇ ಇಪ್ಪತ್ತು, ಅದೇ ಒಂಬತ್ತು, ನಡುವೆ ಅವರದ್ದು ಇನ್ನೊಂದು ಹೆಚ್ಚಿರಬಹುದು. ಒಂಬತ್ತು ವರ್ಷದ್ದು ದಾಟಿದ ಮೇಲೆ ಅವರ ಸಾಲು 1942ರ ಬರ್ಮಾಕ್ಕೆ ಹೊರಳುತ್ತದೆ, ಸಿತ್ತಾಂಗ್ ನದಿಯ ಬಳಿ ಗುಂಡೇಟು ತಿಂದು ಬಿದ್ದಿದ್ದಾಗ ದಕ್ಕಿದ ಮಿಲಿಟರಿ ಕ್ರಾಸ್‌ಗೆ. ಮಾವನದು ಅಲ್ಲಿಗೆ ಮುಗಿಯುತ್ತದೆ. ಇಸ್ತ್ರಿ ಮಾಡಿದ ಬಿಳಿ ಅಂಗಿಗೆ ಆರನ್ನೂ ಸಿಕ್ಕಿಸಿ ಅಳತೆ ನೋಡುವಾಗ ಸಾಲು ತುಸು ವಾಲಿತು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿ, ಹವಾಲ್ದಾರರಿಗೆ ಹೇಳಿದರು: "ನೆಟ್ಟಗೆ ನಿಂತ್ಕಳಿ."